ಚೆಂಡಿನ ಮೇಲಿನ ನಕ್ಷತ್ರ ಚಿಹ್ನೆ: ಬ್ಯಾರಿ ಬಾಂಡ್ಸ್ ಮತ್ತು ಶಂಕೆಯ ರಾಜಕಾರಣ



2007ರ ಆಗಸ್ಟ್ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನಲ್ಲಿರುವ ಬೇಸ್‌ಬಾಲ್ ಮೈದಾನದಲ್ಲಿ 43 ವರ್ಷದ ಬ್ಯಾರಿ ಬಾಂಡ್ಸ್, ವಾಷಿಂಗ್ಟನ್ ತಂಡದ ಮೈಕ್ ಬ್ಯಾಸಿಕ್ ಎಸೆದ ಚೆಂಡನ್ನು ಬೇಲಿಯಾಚೆಗೆ ಬಾರಿಸಿದರು. ಕ್ರಿಕೆಟ್ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ಅದೊಂದು ಸಿಕ್ಸರ್. ಬೇಸ್‌ಬಾಲ್‌ನಲ್ಲಿ ಅದು ಹೋಮ್ ರನ್. ಅವರ ಬದುಕಿನ 756ನೆಯ ಹೋಮ್ ರನ್ ಅದು. ಮೂರು ದಶಕಗಳಿಂದ ಹ್ಯಾಂಕ್ ಆರನ್ ಅವರ ಹೆಸರಿನಲ್ಲಿದ್ದ 755ರ ದಾಖಲೆ ಅಲ್ಲಿಗೆ ಮುರಿಯಿತು. ಆರನ್ ಮೈದಾನಕ್ಕೆ ಬಂದಿರಲಿಲ್ಲ; ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಅವರ ಅಭಿನಂದನೆ ದೊಡ್ಡ ಪರದೆಯ ಮೇಲೆ ಮೂಡಿತು. ಬೇಸ್‌ಬಾಲ್ ಉದ್ಯಮದ ಮುಖ್ಯಸ್ಥರಾಗಿದ್ದ ಕಮಿಷನರ್ ಬಡ್ ಸೀಲಿಗ್ ಕೂಡ ಅಲ್ಲಿರಲಿಲ್ಲ. ಮೂರು ದಿನಗಳ ಹಿಂದೆ ಸ್ಯಾನ್ ಡಿಯಾಗೊದಲ್ಲಿ ಬಾಂಡ್ಸ್ ಹಳೆಯ ದಾಖಲೆಯನ್ನು ಸರಿಗಟ್ಟಿದಾಗ ಅವರು ಎದ್ದು ನಿಂತಿದ್ದರು. ಆದರೆ ಕೈಗಳು ಜೇಬಿನಲ್ಲಿದ್ದವು.

ಆ ಚೆಂಡನ್ನು ವಸ್ತ್ರವಿನ್ಯಾಸಕ ಮಾರ್ಕ್ ಎಕೊ ಸುಮಾರು 7.5 ಲಕ್ಷ ಡಾಲರ್‌ಗೆ ಕೊಂಡರು. ಅದನ್ನೇನು ಮಾಡಬೇಕೆಂದು ಅಂತರ್ಜಾಲದಲ್ಲಿ ಜನರ ಮತ ಕೇಳಿದರು. ಬಂದ ತೀರ್ಪಿನಂತೆ ಚೆಂಡಿನ ಮೇಲೆ ಒಂದು ನಕ್ಷತ್ರ ಚಿಹ್ನೆ ಒತ್ತಿ, ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯಕ್ಕೆ ಕೊಡಲಾಯಿತು. ಪುಟದಡಿಯಲ್ಲಿ ಒಂದು ಟಿಪ್ಪಣಿ ಇದೆ, ಓದಿಕೊಳ್ಳಿ ಎಂದು ಸೂಚಿಸುವ ಚಿಹ್ನೆ ಅದು. ಆದರೆ ಆ ಟಿಪ್ಪಣಿಯನ್ನು ಯಾರೂ ಪೂರ್ತಿಯಾಗಿ ಬರೆಯಲಿಲ್ಲ. ಅದನ್ನು ಬರೆದರೆ ಅದರಲ್ಲಿ ಒಬ್ಬ ಆಟಗಾರನ ಹೆಸರಷ್ಟೇ ಇರುತ್ತದೆಯೆ ಎಂಬುದು ಇಂದಿನ ಪ್ರಶ್ನೆ.

ಶಂಕೆಗೂ ಮುಂಚಿನ ಬಾಂಡ್ಸ್ ಯಾರು ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅವರ ತಂದೆ ಬಾಬಿ ಬಾಂಡ್ಸ್ ಸ್ವತಃ ಹೆಸರಾಂತ ಆಟಗಾರ; ಧರ್ಮಪಿತ ವಿಲ್ಲಿ ಮೇಸ್. ಬೇಸ್‌ಬಾಲ್ ಅವರಿಗೆ ಮನೆಯ ಕಸುಬು. 1986ರಲ್ಲಿ ಪಿಟ್ಸ್‌ಬರ್ಗ್ ತಂಡದಿಂದ ವೃತ್ತಿ ಆರಂಭಿಸಿ, 1993ರಿಂದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರ ಆಡಿದರು. 1998ರ ಹೊತ್ತಿಗೆ ಮೂರು ಬಾರಿ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದಿದ್ದರು. 400 ಹೋಮ್ ರನ್ ಬಾರಿಸಿ, 400 ಬಾರಿ ಬೇಸ್ ಕದ್ದ ಮೊದಲ ಆಟಗಾರ ಎನಿಸಿಕೊಂಡಿದ್ದರು. ತೋಳಿನ ಬಲವೂ ಕಾಲಿನ ವೇಗವೂ ಅಷ್ಟರಮಟ್ಟಿಗೆ ಒಬ್ಬರಲ್ಲೇ ಕೂಡಿಬಂದಿದ್ದು ಅದೇ ಮೊದಲು. ಅಂದೇ ನಿವೃತ್ತರಾಗಿದ್ದರೂ ಆಟದ ಚರಿತ್ರೆಯಲ್ಲಿ ಅವರ ಸ್ಥಾನ ಭದ್ರವಾಗಿತ್ತು.

ಅನಂತರ ನಡೆದದ್ದು ವಯಸ್ಸಿನ ಲೆಕ್ಕವನ್ನೇ ತಲೆಕೆಳಗು ಮಾಡಿತು. 2000ಕ್ಕೆ ಮುಂಚೆ ಅವರು ಒಂದು ಋತುವಿನಲ್ಲಿ ಬಾರಿಸಿದ್ದ ಗರಿಷ್ಠ ಹೋಮ್ ರನ್‌ಗಳು 46. 2001ರಲ್ಲಿ, 37ನೆಯ ವಯಸ್ಸಿನಲ್ಲಿ, ಅವರು 73 ಬಾರಿಸಿದರು. ಅದು ಇಂದಿಗೂ ಉಳಿದಿರುವ ದಾಖಲೆ. 2001ರಿಂದ 2004ರವರೆಗೆ ಸತತ ನಾಲ್ಕು ವರ್ಷ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರದಾಯಿತು. 2004ರಲ್ಲಿ ಎದುರಾಳಿಗಳು ಅವರಿಗೆ ಚೆಂಡು ಎಸೆಯಲೇ ಅಂಜಿ 120 ಬಾರಿ ಉದ್ದೇಶಪೂರ್ವಕವಾಗಿ ಮೊದಲ ಬೇಸನ್ನು ಬಿಟ್ಟುಕೊಟ್ಟರು. ದೇಹ ಕುಗ್ಗಬೇಕಾದ ವಯಸ್ಸಿನಲ್ಲಿ ಹಿಗ್ಗಿತು. ಕಣ್ಣಿಗೆ ಕಂಡದ್ದು ಅದು. ಶಂಕೆ ಹುಟ್ಟಿದ್ದು ದ್ವೇಷದಿಂದ ಮಾತ್ರ ಎನ್ನುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಶಂಕೆಗೆ ಒಂದು ವಿಳಾಸ ಸಿಕ್ಕಿದ್ದು 2003ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಬಳಿಯ ಬರ್ಲಿಂಗೇಮ್‌ನಲ್ಲಿ ವಿಕ್ಟರ್ ಕಾಂಟೆ ಎಂಬಾತ ನಡೆಸುತ್ತಿದ್ದ ಬಾಲ್ಕೊ ಎಂಬ ಸಂಸ್ಥೆ, ಹೊರನೋಟಕ್ಕೆ ಪೌಷ್ಟಿಕಾಂಶ ಪೂರಕಗಳ ವ್ಯಾಪಾರ ಮಾಡುತ್ತಿತ್ತು. ಆ ವರ್ಷ ಒಬ್ಬ ಓಟದ ತರಬೇತುದಾರ ಬಳಸಿದ ಸಿರಿಂಜೊಂದನ್ನು ಅಮೆರಿಕದ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಗೆ ಕಳಿಸಿದ. ಲಾಸ್ ಏಂಜಲೀಸ್‌ನ ಪ್ರಯೋಗಾಲಯದಲ್ಲಿ ಡಾನ್ ಕ್ಯಾಟ್ಲಿನ್ ಅವರ ತಂಡ ಅದರ ತಳದಲ್ಲಿ ಉಳಿದಿದ್ದ ದ್ರವವನ್ನು ವಿಶ್ಲೇಷಿಸಿ, ಟಿಎಚ್‌ಜಿ ಎಂಬ ಹೊಸ ಸ್ಟೀರಾಯ್ಡನ್ನು ಗುರುತಿಸಿತು. ಅನಬಾಲಿಕ್ ಸ್ಟೀರಾಯ್ಡ್‌ಗಳು ಟೆಸ್ಟೊಸ್ಟೆರಾನ್ ಹಾರ್ಮೋನಿನ ಕೃತಕ ಬಂಧುಗಳು. ಅವು ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವುದನ್ನು ಹೆಚ್ಚಿಸುತ್ತವೆ, ಕಠಿಣ ತಾಲೀಮಿನ ನಂತರ ದೇಹ ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತವೆ. ಒಂದು ಋತುವಿನಲ್ಲಿ 162 ಪಂದ್ಯಗಳನ್ನಾಡುವ ಕ್ರೀಡೆಯಲ್ಲಿ ಚೇತರಿಕೆಯೇ ದೊಡ್ಡ ಲಾಭ. ಪರೀಕ್ಷಾಲಯಗಳು ತಮಗೆ ಗೊತ್ತಿರುವ ಅಣುಗಳನ್ನಷ್ಟೇ ಹುಡುಕುತ್ತವೆ. ಟಿಎಚ್‌ಜಿ ಯಾರ ಪಟ್ಟಿಯಲ್ಲೂ ಇರಲಿಲ್ಲ. ಆ ಸಿರಿಂಜ್ ಅಂಚೆಯಲ್ಲಿ ಬಾರದಿದ್ದರೆ ಅದು ಇನ್ನೆಷ್ಟು ಕಾಲ ಅಗೋಚರವಾಗಿ ಉಳಿಯುತ್ತಿತ್ತೋ.

ಬಾಲ್ಕೊದ ಗ್ರಾಹಕರಲ್ಲಿ ಬಾಂಡ್ಸ್ ಅವರ ಬಾಲ್ಯದ ಗೆಳೆಯ, ವ್ಯಾಯಾಮ ತರಬೇತುದಾರ ಗ್ರೆಗ್ ಆಂಡರ್ಸನ್ ಕೂಡ ಇದ್ದರು. 2003ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿಯ ಮುಂದೆ ಬಾಂಡ್ಸ್ ಸಾಕ್ಷ್ಯ ನುಡಿದರು. ಆಂಡರ್ಸನ್ ಕೊಟ್ಟ ದ್ರವವನ್ನೂ ಮುಲಾಮನ್ನೂ ಬಳಸಿದ್ದು ನಿಜ. ಒಂದು ಅಗಸೆ ಎಣ್ಣೆ, ಇನ್ನೊಂದು ಕೀಲುನೋವಿನ ಮುಲಾಮು ಎಂದು ನಂಬಿದ್ದಾಗಿ ಹೇಳಿದರು. ಹಾಗಾಗಿ ಅವರ ವಿಷಯದಲ್ಲಿ ವಿವಾದ ನಿಂತಿರುವುದು ಒಂದೇ ಪದದ ಮೇಲೆ: ಗೊತ್ತಿದ್ದೂ. ತನ್ನ ದೇಹವನ್ನೇ ಬಂಡವಾಳವಾಗಿಸಿಕೊಂಡ, ಅದರ ಪ್ರತಿ ನೋವನ್ನೂ ಬಲ್ಲ ಆಟಗಾರ ಅದರೊಳಗೆ ಹೋಗುವುದೇನೆಂದು ಕೇಳಲಿಲ್ಲವೆ? ಸಾಮಾನ್ಯ ವಿವೇಕಕ್ಕೆ ಒಪ್ಪಿಗೆಯಾಗದ ಮಾತು ಅದು. ಆದರೆ ಸಾಮಾನ್ಯ ವಿವೇಕದ ಅನುಮಾನ ಬೇರೆ, ನ್ಯಾಯಾಲಯದ ಪುರಾವೆ ಬೇರೆ.

2007ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಾಂಡ್ಸ್ ಮೇಲೆ ಮೊಕದ್ದಮೆ ಹೂಡಿತು. ಆರೋಪ ಸ್ಟೀರಾಯ್ಡ್ ಬಳಕೆಯದಲ್ಲ. ಸುಳ್ಳುಸಾಕ್ಷ್ಯ ಮತ್ತು ನ್ಯಾಯಕ್ಕೆ ಅಡ್ಡಿ. ಮಾತನಾಡಿದರೆ ಪ್ರಕರಣವನ್ನು ಮುಗಿಸಬಲ್ಲವರಾಗಿದ್ದ ಆಂಡರ್ಸನ್ ಬಾಯಿ ಬಿಡಲಿಲ್ಲ. ಅದಕ್ಕಾಗಿ ಒಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದರು. 2011ರ ಏಪ್ರಿಲ್‌ನಲ್ಲಿ ಜ್ಯೂರಿ ಸುಳ್ಳುಸಾಕ್ಷ್ಯದ ಮೂರು ಆರೋಪಗಳ ಬಗ್ಗೆ ಒಮ್ಮತಕ್ಕೆ ಬರಲಾರದೆ ಹೋಯಿತು. ನ್ಯಾಯಕ್ಕೆ ಅಡ್ಡಿಪಡಿಸಿದ ಒಂದು ಆರೋಪದಲ್ಲಿ ಮಾತ್ರ ಅಪರಾಧಿ ಎಂದಿತು. ಆ ಅಪರಾಧವಾದರೂ ಏನು? ಚುಚ್ಚುಮದ್ದಿನ ಕುರಿತ ಪ್ರಶ್ನೆಯೊಂದಕ್ಕೆ ನೇರ ಉತ್ತರ ಕೊಡದೆ, ಪ್ರಸಿದ್ಧ ತಂದೆಯ ಮಗನಾಗಿ ಬೆಳೆದ ಬಗ್ಗೆ ಮಾತು ಹರಿಬಿಟ್ಟದ್ದು. ಅದಕ್ಕೆ 30 ದಿನಗಳ ಗೃಹಬಂಧನ ಶಿಕ್ಷೆ. 2015ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರಲ್ಲಿ ಹತ್ತು ಮಂದಿ ಅದನ್ನೂ ರದ್ದುಪಡಿಸಿದರು. ಹನ್ನೆರಡು ವರ್ಷಗಳ ತನಿಖೆ, ವಿಚಾರಣೆಗಳ ಕೊನೆಗೆ ಕಾನೂನಿನ ಪುಸ್ತಕದಲ್ಲಿ ಬಾಂಡ್ಸ್ ಹೆಸರಿನ ಮುಂದೆ ಉಳಿದ ಅಪರಾಧಗಳ ಸಂಖ್ಯೆ ಸೊನ್ನೆ.

ಇದು ಒಂದು ದೇಹದ ಕಥೆ. ಆ ದೇಹ ದುಡಿದದ್ದು ಯಾವ ಕಾರ್ಖಾನೆಯಲ್ಲಿ ಎಂಬುದನ್ನು ಈಗ ನೋಡಬೇಕು.

ಅಮೆರಿಕದ ಸಂಸತ್ತು 1990ರಲ್ಲೇ ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತ್ತು. 1991ರಲ್ಲಿ ಆಗಿನ ಕಮಿಷನರ್ ಫೇ ವಿನ್ಸೆಂಟ್ ಎಲ್ಲ ತಂಡಗಳಿಗೂ ಸುತ್ತೋಲೆ ಕಳಿಸಿ, ಇಂಥ ಔಷಧಗಳು ನಿಷಿದ್ಧ ಎಂದಿದ್ದರು. ಪರೀಕ್ಷೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಸುತ್ತೋಲೆ ಕಡತ ಸೇರಿತು. 1994ರಲ್ಲಿ ಆಟಗಾರರ ಮುಷ್ಕರದಿಂದ ಋತು ಅರ್ಧಕ್ಕೆ ನಿಂತು ವರ್ಲ್ಡ್ ಸೀರೀಸ್ ರದ್ದಾಯಿತು. ಮುನಿದ ಪ್ರೇಕ್ಷಕರು ಮೈದಾನಗಳಿಗೆ ಮರಳಲು ಹಿಂಜರಿದರು. ಅವರನ್ನು ಸಂಭ್ರಮದಿಂದ ಮರಳಿ ತಂದದ್ದು 1998ರ ಬೇಸಿಗೆ. ಮಾರ್ಕ್ ಮೆಗ್ವಾಯರ್ ಮತ್ತು ಸ್ಯಾಮಿ ಸೋಸಾ ಪೈಪೋಟಿಗೆ ಬಿದ್ದು ರೋಜರ್ ಮ್ಯಾರಿಸ್ ಅವರ 61ರ ದಾಖಲೆಯನ್ನು ದಾಟಿ, ಕ್ರಮವಾಗಿ 70 ಮತ್ತು 66 ಹೋಮ್ ರನ್ ಬಾರಿಸಿದರು. ಅದೇ ಆಗಸ್ಟ್‌ನಲ್ಲಿ ಒಬ್ಬ ವರದಿಗಾರ ಮೆಗ್ವಾಯರ್ ಅವರ ಕಪಾಟಿನಲ್ಲಿ ಆಂಡ್ರೊಸ್ಟೀನ್‌ಡಯೋನ್ ಬಾಟಲಿಯನ್ನು ಕಂಡು ಬರೆದರು. ಒಲಿಂಪಿಕ್ಸ್‌ನಲ್ಲಿ ನಿಷಿದ್ಧವಾಗಿದ್ದ ಆ ಪೂರಕ ಬೇಸ್‌ಬಾಲ್‌ನಲ್ಲಿ ನಿಷಿದ್ಧವಾಗಿರಲಿಲ್ಲ. ಅಂದು ಹೆಚ್ಚು ಟೀಕೆಗೆ ಗುರಿಯಾದದ್ದು ಬಾಟಲಿಯಲ್ಲ, ಅದನ್ನು ನೋಡಿದ ವರದಿಗಾರ. ಸ್ಟೀರಾಯ್ಡ್ ಬಳಸಿದ್ದನ್ನು ಮೆಗ್ವಾಯರ್ ತಾವೇ ಒಪ್ಪಿಕೊಂಡದ್ದು 2010ರಲ್ಲಿ.

ಆ ಬೇಸಿಗೆಯ ಲಾಭ ಯಾರಿಗೆ ಹೋಯಿತು ಎಂದು ಕೇಳುವುದು ಅಪಚಾರವಲ್ಲ. ಟಿಕೆಟ್, ದೂರದರ್ಶನ ಹಕ್ಕು, ಜಾಹೀರಾತು, ಹೊಸ ಮೈದಾನಗಳು ಎಲ್ಲವೂ ಉಬ್ಬಿದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಹುಪಾಲು ಖಾಸಗಿ ಹಣದಿಂದ ಕಟ್ಟಿದ ಮೈದಾನ 2000ದಲ್ಲಿ ತೆರೆಯಿತು. ಅದರ ಬಲಬದಿಯ ಗೋಡೆ ದಾಟಿ ಕೊಲ್ಲಿಯ ನೀರಿಗೆ ಬೀಳುವ ಬಾಂಡ್ಸ್ ಹೊಡೆತಗಳನ್ನು ಹಿಡಿಯಲು ಜನ ದೋಣಿಗಳಲ್ಲಿ ಕಾಯುತ್ತಿದ್ದರು. ಉಬ್ಬಿದ ತೋಳುಗಳನ್ನು ಉದ್ಯಮ ನೋಡಲಿಲ್ಲ ಎನ್ನುವುದು, ಅಗಸೆ ಎಣ್ಣೆ ಎಂದುಕೊಂಡೆ ಎನ್ನುವುದಕ್ಕಿಂತ ಹೆಚ್ಚು ನಂಬಲರ್ಹವಾದ ಮಾತಲ್ಲ.

ಎಡಪಂಥೀಯರು ಮತ್ತು ಕಾರ್ಮಿಕಪರರು ಮುಜುಗರಪಡಬೇಕಾದ ಒಂದು ಅಂಶವೂ ಇಲ್ಲಿದೆ. ಕಡ್ಡಾಯ ಪರೀಕ್ಷೆಯನ್ನು ದೀರ್ಘಕಾಲ ವಿರೋಧಿಸಿದ್ದು ಆಟಗಾರರ ಸಂಘ. ಮಾಲೀಕನಿಗೆ ಕಾರ್ಮಿಕನ ಮೂತ್ರದ ಮೇಲೆ, ರಕ್ತದ ಮೇಲೆ ಹಕ್ಕಿಲ್ಲ ಎಂಬ ಅದರ ವಾದ ತತ್ವದಲ್ಲಿ ಸರಿಯಾದದ್ದೇ. ಆದರೆ ಆ ತತ್ವದ ನೆರಳಿನಲ್ಲಿ ಮದ್ದು ಮುಟ್ಟದ ಸದಸ್ಯ ಒಬ್ಬಂಟಿಯಾದ. ಮದ್ದು ತೆಗೆದುಕೊಂಡ ಪಕ್ಕದವನು ತನ್ನ ಸ್ಥಾನ ಕಸಿದುಕೊಂಡಾಗ ಅವನು ದೂರು ಕೊಡುವುದಾದರೂ ಯಾರಿಗೆ? ಯಕೃತ್ತು, ಹೃದಯ, ಮನಸ್ಸಿನ ಸಮತೋಲನ ಎಲ್ಲವನ್ನೂ ಪಣಕ್ಕಿಡುವಂತೆ ಸ್ಪರ್ಧೆ ಒತ್ತಾಯಿಸಿದಾಗ ಅದನ್ನು ಸ್ವಂತ ಆಯ್ಕೆ ಎಂದು ಕರೆಯಲಾಗದು. ಗಣಿಯಲ್ಲಿ ಶಿರಸ್ತ್ರಾಣ ಎಷ್ಟು ಅಗತ್ಯವೋ, ಇಲ್ಲಿ ಪರೀಕ್ಷೆಯೂ ಅಷ್ಟೇ ಅಗತ್ಯ. ಅದನ್ನು ಬೇಡಿಕೆಯಾಗಿ ಮುಂದಿಡಬೇಕಾಗಿದ್ದುದು ಸಂಘವೇ. 2005ರ ಮಾರ್ಚ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಾರೆಗಳಿಗೂ ಮುಂಚೆ ಮಾತನಾಡಿದ್ದು, ಸ್ಟೀರಾಯ್ಡ್ ಬಳಸಿ ಆತ್ಮಹತ್ಯೆಗೆ ಶರಣಾದ ಯುವ ಆಟಗಾರರ ತಂದೆತಾಯಿಗಳು. ಆ ಮಾತುಗಳನ್ನು ಮರೆತು ಬಾಂಡ್ಸ್ ಅವರನ್ನು ಹುತಾತ್ಮರನ್ನಾಗಿ ಮಾಡುವ ಬರಹ ಪ್ರಗತಿಪರವೂ ಅಲ್ಲ, ಪ್ರಾಮಾಣಿಕವೂ ಅಲ್ಲ.

ಪರೀಕ್ಷೆ ಮೊದಲು ಯಾರ ಮೇಲೆ ಬಂತು ಎಂಬುದರಲ್ಲೂ ಒಂದು ಪಾಠವಿದೆ. 2001ರಲ್ಲಿ ಕಮಿಷನರ್ ಆದೇಶದಿಂದ ಅದು ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಜಾರಿಗೆ ಬಂತು. ಅಲ್ಲಿನ ಆಟಗಾರರಿಗೆ ಸಂಬಳವೂ ಅತ್ಯಲ್ಪ, ಸಂಘವೂ ಇರಲಿಲ್ಲ. ಅವರ ಒಪ್ಪಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಸಂಘಟಿತರಾಗಿದ್ದ ತಾರೆಗಳಿಗೆ ಪರೀಕ್ಷೆ ಬಂದದ್ದು 2003ರಲ್ಲಿ, ಅದೂ ಹೆಸರು ಹೇಳದ ಸಮೀಕ್ಷೆಯಾಗಿ. ಶೇಕಡ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಕಂಡ ಮೇಲಷ್ಟೇ 2004ರಿಂದ ನಿಜವಾದ ನಿಯಮ ಆರಂಭವಾಯಿತು. ಡೊಮಿನಿಕನ್ ಗಣರಾಜ್ಯದಲ್ಲಿ ಹದಿನಾರನೆಯ ವಯಸ್ಸಿಗೇ ಒಪ್ಪಂದಕ್ಕೆ ಸಹಿ ಹಾಕುವ ಬಡ ಹುಡುಗರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಊರಿಗೆ ಮರಳಿದರೆ ಅವರಿಗಾಗಿ ಯಾವ ಪತ್ರಿಕೆಯೂ ಚರ್ಚೆ ಏರ್ಪಡಿಸುವುದಿಲ್ಲ.

ಬಾಂಡ್ಸ್ ಪ್ರಕರಣದಲ್ಲಿ ಬಣ್ಣದ ಪ್ರಶ್ನೆಯನ್ನು ತಪ್ಪಿಸಿ ನಡೆಯಲಾಗದು. ಆರನ್ 1973-74ರಲ್ಲಿ ಬೇಬ್ ರೂತ್ ಅವರ 714ರ ದಾಖಲೆಯನ್ನು ಸಮೀಪಿಸಿದಾಗ, ಬಿಳಿಯನ ದಾಖಲೆಯನ್ನು ಕರಿಯನೊಬ್ಬ ಮುರಿಯಬಾರದೆಂದು ಕೊಲೆ ಬೆದರಿಕೆಯ ಪತ್ರಗಳು ರಾಶಿಯಾಗಿ ಬಂದಿದ್ದವು. ಆರನ್ ಯಾವ ಮದ್ದಿನ ಶಂಕೆಗೂ ಒಳಗಾದವರಲ್ಲ, ಕಪ್ಪಾಗಿದ್ದುದೇ ಸಾಕಾಗಿತ್ತು. ಈ ನೆನಪು ಹೊತ್ತ ಆಫ್ರಿಕನ್ ಅಮೆರಿಕನ್ ಸಮುದಾಯದ ಅನೇಕರು 2007ರಲ್ಲಿ ಬಾಂಡ್ಸ್ ಮೇಲಿನ ಆಕ್ರೋಶದಲ್ಲಿ ಹಳೆಯ ದನಿಯನ್ನು ಕೇಳಿಸಿಕೊಂಡದ್ದು ಆಶ್ಚರ್ಯವಲ್ಲ. ಹಾಗೆಂದು ಎಲ್ಲವನ್ನೂ ಬಣ್ಣಕ್ಕೆ ಇಳಿಸುವಂತಿಲ್ಲ. ಇದೇ ಬಗೆಯ ಆರೋಪ ಹೊತ್ತ ಬಿಳಿಯ ಎಸೆತಗಾರ ರೋಜರ್ ಕ್ಲೆಮೆನ್ಸ್ 2012ರಲ್ಲಿ ನ್ಯಾಯಾಲಯದಲ್ಲಿ ಖುಲಾಸೆಯಾದರೂ ಹಾಲ್ ಆಫ್ ಫೇಮ್ ಬಾಗಿಲು ಅವರಿಗೂ ತೆರೆಯಲಿಲ್ಲ. ಬಣ್ಣ ಈ ಕಥೆಯ ಒಂದು ನೂಲು, ಇಡೀ ಬಟ್ಟೆಯಲ್ಲ.

ಹಾಲ್ ಆಫ್ ಫೇಮ್‌ಗೆ ಆಯ್ಕೆ ಮಾಡುವವರು ಹಿರಿಯ ಬೇಸ್‌ಬಾಲ್ ಬರಹಗಾರರು. ಬೇಕಾದದ್ದು ಶೇಕಡ 75 ಮತ. ಬಾಂಡ್ಸ್ ಅವರಿಗೆ ಮೊದಲ ವರ್ಷ, 2013ರಲ್ಲಿ, ಸಿಕ್ಕಿದ್ದು 36.2; ಹತ್ತನೆಯ ಮತ್ತು ಕೊನೆಯ ವರ್ಷ, 2022ರಲ್ಲಿ, 66. ಆಟದ ಜೊತೆಗೆ ಪ್ರಾಮಾಣಿಕತೆಯನ್ನೂ ಚಾರಿತ್ರ್ಯವನ್ನೂ ಅಳೆಯಬೇಕೆಂಬ ನಿಯಮವಿದೆ. ಒಳ್ಳೆಯದೇ. ಆದರೆ ಆ ಅಳತೆಗೋಲು ಯಾರ ಕೈಯಲ್ಲಿ ಹೇಗೆ ಬಾಗುತ್ತದೆ ಎಂಬುದನ್ನೂ ನೋಡಬೇಕು. 1920ರಿಂದ 1944ರವರೆಗೆ ಕಮಿಷನರ್ ಆಗಿದ್ದ ಕೆನೆಸಾ ಮೌಂಟನ್ ಲ್ಯಾಂಡಿಸ್ ಅವರ ಕಾಲದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಮೇಜರ್ ಲೀಗ್ ಮೈದಾನಕ್ಕೆ ಇಳಿಯಲಿಲ್ಲ. ಜ್ಯಾಕಿ ರಾಬಿನ್ಸನ್ ಬಂದದ್ದು ಲ್ಯಾಂಡಿಸ್ ತೀರಿಕೊಂಡ ಮೇಲೆ, 1947ರಲ್ಲಿ. ಲ್ಯಾಂಡಿಸ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಫಲಕದ ಮೇಲೂ ಅವರ ಹೆಸರಿತ್ತು. ಬರಹಗಾರರ ಸಂಘ ಅದನ್ನು ತೆಗೆದದ್ದು 2020ರಲ್ಲಿ. ಬಾಂಡ್ಸ್ ಗೆದ್ದ ಏಳು ಪ್ರಶಸ್ತಿಗಳೂ ಆ ಹೆಸರಿನವೇ.

ಸ್ಟೀರಾಯ್ಡ್ ಯುಗದುದ್ದಕ್ಕೂ ಉದ್ಯಮವನ್ನು ಮುನ್ನಡೆಸಿದ ಬಡ್ ಸೀಲಿಗ್ 2016ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಮೆಗ್ವಾಯರ್ ಅವರನ್ನು ಎರಡು ತಂಡಗಳಲ್ಲಿ ಆಡಿಸಿದ ತರಬೇತುದಾರ ಟೋನಿ ಲಾ ರುಸಾ ಅದಕ್ಕೂ ಮುಂಚೆಯೇ ಒಳಗಿದ್ದರು. ಇದು ಸೀಲಿಗ್ ಎಂಬ ವ್ಯಕ್ತಿಯ ಮೇಲಿನ ಮುನಿಸಲ್ಲ. ಕಟ್ಟುನಿಟ್ಟಾದ ನಿಯಮಗಳು ಕೊನೆಗೂ ಬಂದದ್ದು ಅವರ ಕಾಲದಲ್ಲಿಯೇ. 2007ರ ಮಿಚೆಲ್ ವರದಿಗೆ ಆದೇಶಿಸಿದವರೂ ಅವರೇ. ಹೊಣೆಯನ್ನು ಕಮಿಷನರ್, ಮಾಲೀಕರು, ಸಂಘ, ಆಟಗಾರರು ಎಲ್ಲರೂ ಹಂಚಿಕೊಳ್ಳಬೇಕೆಂಬ ಆ ವರದಿಯ ಮಾತನ್ನು ಜನ ಮರೆತರು. ನೆನಪಿನಲ್ಲಿ ಉಳಿದದ್ದು ಅದು ಹೆಸರಿಸಿದ ಆಟಗಾರರ ಪಟ್ಟಿ ಮಾತ್ರ.

ಗೊತ್ತಿಲ್ಲದೆ ಸೇವಿಸಿದೆ ಎಂಬ ಬಾಂಡ್ಸ್ ಅವರ ಮಾತು ಕನ್ನಡಿಗರಿಗೆ ಇನ್ನೊಂದು ಹೆಸರನ್ನು ನೆನಪಿಸಬೇಕು. ಉಡುಪಿ ಜಿಲ್ಲೆಯ ಸಿದ್ದಾಪುರದ ಕೃಷಿಕ ಕುಟುಂಬದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ರಿಲೇ ಮತ್ತು ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವರು. 2011ರಲ್ಲಿ ಅವರ ಮಾದರಿಯಲ್ಲಿ ಸ್ಟೀರಾಯ್ಡ್ ಕಂಡುಬಂತು. ವಿದೇಶಿ ತರಬೇತುದಾರ ಕೊಟ್ಟ ಜಿನ್‌ಸೆಂಗ್ ಪೂರಕವೇ ಕಾರಣ ಎಂದು ಅವರೂ ಸಂಗಾತಿ ಓಟಗಾರ್ತಿಯರೂ ಹೇಳಿದರು. ಭಾರತದ ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು; ಅಂತರರಾಷ್ಟ್ರೀಯ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಸಿಕ್ಕಿದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ ಎಂಬುದು ಅಥ್ಲೆಟಿಕ್ಸ್ ನಿಯಮ. ಬಾಂಡ್ಸ್ ಅವರಿಗೆ ದುಬಾರಿ ವಕೀಲರಿದ್ದರು, ಬೆನ್ನಿಗೆ ಬಲಿಷ್ಠ ಸಂಘವಿತ್ತು. ಅಂಥ ಯಾವ ಆಸರೆಯೂ ಅಶ್ವಿನಿ ಅವರಿಗಿರಲಿಲ್ಲ. ಇಬ್ಬರಲ್ಲಿ ಸಮಾನವಾದದ್ದು ಒಂದೇ: ಗೆಲುವಿನ ಫೋಟೊದಲ್ಲಿ ಪಕ್ಕದಲ್ಲಿ ನಿಂತವರು ಶಂಕೆಯ ಫೋಟೊದಲ್ಲಿ ಇರಲಿಲ್ಲ.

ಇಂದು ಬೇಸ್‌ಬಾಲ್‌ನಲ್ಲಿ ಮೊದಲ ತಪ್ಪಿಗೆ 80 ಪಂದ್ಯಗಳ ಅಮಾನತು, ಎರಡನೆಯದಕ್ಕೆ 162, ಮೂರನೆಯದಕ್ಕೆ ಆಜೀವ ನಿಷೇಧ. ಅಮಾನತಿನ ಅವಧಿಯಲ್ಲಿ ಆಟಗಾರನಿಗೆ ಸಂಬಳವಿಲ್ಲ. ಆ ಹಣ ತಂಡದ ಮಾಲೀಕನಲ್ಲೇ ಉಳಿಯುತ್ತದೆ. ಮದ್ದಿನಿಂದ ಬಂದ ಗೆಲುವಿನ ಲಾಭವೂ ಮಾಲೀಕನದು, ಶಿಕ್ಷೆಯಿಂದಾದ ಉಳಿತಾಯವೂ ಮಾಲೀಕನದು. ಉಳಿದ ಆ ಸಂಬಳ ಕೆಳಹಂತದ ಆಟಗಾರರ ಆರೋಗ್ಯ ನಿಧಿಗೆ ಹೋಗಲಿ ಎಂದು ಕೇಳಬಹುದು. ಪದೇಪದೇ ಆಟಗಾರರು ಸಿಕ್ಕಿಬೀಳುವ ತಂಡಕ್ಕೂ ದಂಡವಿರಲಿ ಎಂದು ಕೇಳಬಹುದು. 2022ರಲ್ಲಿ ಮೈನರ್ ಲೀಗ್ ಆಟಗಾರರು ಕೊನೆಗೂ ಸಂಘಟಿತರಾಗಿ ಆಟಗಾರರ ಸಂಘವನ್ನು ಸೇರಿದ್ದಾರೆ; ಇಂಥ ಬೇಡಿಕೆಗೆ ದನಿ ಕೊಡಬಲ್ಲವರು ಅವರೇ.

ಬಾಂಡ್ಸ್ ಮುಗ್ಧರು ಎಂದು ಸಾಧಿಸುವುದು ಈ ಮಾತುಗಳ ಉದ್ದೇಶವಲ್ಲ. ಅವರ ಮೇಲಿನ ಶಂಕೆಗೆ ಗಟ್ಟಿ ಆಧಾರಗಳಿವೆ. ಒಬ್ಬ ಶ್ರೀಮಂತ, ಸಮರ್ಥ, ವಯಸ್ಕ ಮನುಷ್ಯನಾಗಿ ತಮ್ಮ ಪಾಲಿನ ಹೊಣೆಯಿಂದ ಅವರು ತಪ್ಪಿಸಿಕೊಳ್ಳಲಾರರು. ಆದರೆ ಒಬ್ಬನ ಮೇಲೆ ಬೆರಳು ತೋರಿಸುವಾಗ ಸಿಗುವ ಸಮಾಧಾನವೇ ಅಪಾಯಕಾರಿ. ಪ್ರಕರಣ ಮುಗಿಯಿತು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಕಾರ್ಖಾನೆ ಎಂದಿನಂತೆ ನಡೆಯುತ್ತದೆ.

ಅಧಿಕೃತ ದಾಖಲೆಯ ಪುಸ್ತಕದಲ್ಲಿ ಬಾಂಡ್ಸ್ ಹೆಸರಿನ ಮುಂದೆ 762 ಎಂಬ ಅಂಕಿ ಯಾವ ಚಿಹ್ನೆಯೂ ಇಲ್ಲದೆ ನಿಂತಿದೆ. ಚಿಹ್ನೆ ಇರುವುದು ಜನರೇ ಮತ ಹಾಕಿ ಒತ್ತಿಸಿದ ಆ ಚೆಂಡಿನ ಮೇಲೆ ಮಾತ್ರ. ಕೂಪರ್ಸ್‌ಟೌನ್‌ಗೆ ಹೋಗುವವರು ಅದನ್ನು ನೋಡಿದ ಮೇಲೆ ಫಲಕಗಳ ಸಾಲಿನಲ್ಲಿ ಸೀಲಿಗ್ ಅವರ ಫಲಕವನ್ನೂ ಹುಡುಕಲಿ. ಅಲ್ಲಿ ಯಾವ ಚಿಹ್ನೆಯೂ ಇಲ್ಲ. ಅಡಿಟಿಪ್ಪಣಿಯ ಉಳಿದ ಭಾಗವನ್ನು ಅಲ್ಲಿಂದ ಓದತೊಡಗಬೇಕು.